ಕೋಣೆ ಕೊಡದವರಿಗೆ ಬಾಡಿಗೆ ಏಕೆ?

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಯಂತಹ ತಾಲ್ಲೂಕು ಕೇಂದ್ರಗಳಲ್ಲಿಯೂ ಈಗ ಮೊಬೈಲ್ ಫೋನಿನ ಮೂಲಕವೇ ಲಾಡ್ಜಿನ ಕೋಣೆಯನ್ನು ಕಾಯ್ದಿರಿಸಬಹುದಾಗಿದೆ. ಹಿಂದೆಲ್ಲ ಬಸ್ ನಿಲ್ದಾಣದಲ್ಲಿ ಇಳಿದು, ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ, 'ವಸ್ತಿ ಇರಾಕ ಚಲೋ ಜಾಗಾ ಯಾವುದೈತ್ರಿ' ಎಂದು ಗಲ್ಲೆಯ ಮೇಲೆ ಕುಳಿತವರನ್ನು ವಿಚಾರಿಸುವುದೇ ರೂಢಿಯಾಗಿತ್ತು. ಈಗ ಮನೆಯಿಂದ ಹೊರಡುವ ಮೊದಲೇ ಕೋಣೆಯ ಚಿತ್ರ, ಬಾಡಿಗೆ, ಮೊದಲು ತಂಗಿದ್ದವರ ಅಭಿಪ್ರಾಯ ಎಲ್ಲವೂ ಕಣ್ಣೆದುರಿಗೆ ಬರುತ್ತವೆ. ಒಬ್ಬಂಟಿಯಾಗಿ ಪ್ರಯಾಣ ಮಾಡುವ ಮಹಿಳೆಯರಿಗೆ, ವೃದ್ಧರನ್ನು ಕರೆದೊಯ್ಯುವವರಿಗೆ ಇದು ಸಣ್ಣ ಅನುಕೂಲವಲ್ಲ. ಆದರೆ ಈ ಅನುಕೂಲದ ಬೆನ್ನಿಗೇ ಒಂದು ಹೊಸ ಅನ್ಯಾಯವೂ ನಮ್ಮ ಸಣ್ಣ ಊರುಗಳಿಗೆ ಕಾಲಿಟ್ಟಿದೆ. ಹಣ ಪಡೆಯುವವರು ಒಬ್ಬರು, ಕೋಣೆ ಕೊಡಬೇಕಾದವರು ಇನ್ನೊಬ್ಬರು. ವ್ಯವಹಾರ ಕೆಟ್ಟಾಗ ಇಬ್ಬರೂ ಹೊಣೆಗಾರರಲ್ಲ.

ಈ ನಾಲ್ಕು ಊರುಗಳಿಗೆ ಬಂದು ರಾತ್ರಿ ತಂಗುವವರು ಯಾರು ಎಂಬುದನ್ನು ಮೊದಲು ಗಮನಿಸಬೇಕು. ವಿಜಯಪುರ ನಗರದ ಗೋಲಗುಮ್ಮಟ ನೋಡಲು ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಅಲ್ಲಿಯೇ ಉಳಿದು ಮುಂದೆ ಬಾದಾಮಿಯತ್ತಲೋ ಹಂಪಿಯತ್ತಲೋ ಹೊರಟುಬಿಡುತ್ತಾರೆ. ಬಸವಣ್ಣನವರ ಜನ್ಮಸ್ಥಳವೆಂದು ಬಸವನಬಾಗೇವಾಡಿಗೆ, ಅಲ್ಲಿಂದ ಆಲಮಟ್ಟಿ ಮತ್ತು ಕೂಡಲಸಂಗಮಕ್ಕೆ ಹೋಗುವ ಭಕ್ತರು ಇದ್ದಾರೆ. ಅವರನ್ನು ಬಿಟ್ಟರೆ ಇಲ್ಲಿ ಕೋಣೆ ಹಿಡಿಯುವವರು ಬಹುಮಟ್ಟಿಗೆ ಕೆಲಸವಿದ್ದು ಬಂದವರು. ಜಮೀನಿನ ದಾವೆಗೆ ತಾಲ್ಲೂಕು ನ್ಯಾಯಾಲಯಕ್ಕೆ ಬಂದ ರೈತ, ಮಗಳನ್ನು ಪರೀಕ್ಷೆಗೆ ಕರೆತಂದ ತಂದೆ, ಲಿಂಬೆಯ ಖರೀದಿಗೆ ಇಂಡಿಗೆ ಬಂದ ವ್ಯಾಪಾರಿ, ಔಷಧ ಕಂಪನಿಯ ಪ್ರತಿನಿಧಿ, ನೆಂಟರ ಮನೆಯಲ್ಲಿ ಜಾಗ ಸಾಲದೆ ಲಾಡ್ಜಿಗೆ ಬಂದ ಮದುವೆಯ ಬೀಗರು. ಇವರ ಪಾಲಿಗೆ ಪ್ರಯಾಣ ವಿನೋದವಲ್ಲ. ಸಾವಿರದೈನೂರು ರೂಪಾಯಿ ಎಂಬುದು ಮರೆತುಬಿಡಬಹುದಾದ ಮೊತ್ತವೂ ಅಲ್ಲ.

ಕಳೆದ ಚಳಿಗಾಲದಲ್ಲಿ ನಾನು ಎಪ್ಪತ್ತೆಂಟು ವರ್ಷದ ನನ್ನ ತಾಯಿಯವರನ್ನು ಕರೆದುಕೊಂಡು ಈ ನಾಲ್ಕೂ ಊರುಗಳಿಗೆ ಹೋಗಿದ್ದೆ. ಇಂಡಿ ಮತ್ತು ಸಿಂದಗಿಯ ಕಡೆ ಅವರ ತವರಿನ ನೆಂಟರಿದ್ದಾರೆ. ಮುದ್ದೇಬಿಹಾಳದಲ್ಲಿ ಒಂದು ಮದುವೆ ಇತ್ತು. ಬಸವನಬಾಗೇವಾಡಿಯ ಬಸವೇಶ್ವರ ದೇವಸ್ಥಾನವನ್ನು ಮತ್ತೊಮ್ಮೆ ನೋಡಬೇಕೆಂಬುದು ಅವರ ಬಹುದಿನದ ಆಸೆ. ನಾಲ್ಕು ರಾತ್ರಿಗಳಲ್ಲಿ ಎರಡನ್ನು ನೆಂಟರಲ್ಲಿ ಕಳೆಯುವುದೆಂದೂ ಎರಡು ರಾತ್ರಿಗೆ ಲಾಡ್ಜ್ ಎಂದೂ ನಿಶ್ಚಯಿಸಿ, ಕೋಣೆಗಳನ್ನು ಒಂದು ಬುಕಿಂಗ್ ಕಂಪನಿಯ ಮೂಲಕ ಮುಂಗಡ ಹಣ ತುಂಬಿ ಕಾಯ್ದಿರಿಸಿದೆ. ಒಂದು ಊರಿನಲ್ಲಿ ಎಲ್ಲವೂ ಸರಿಹೋಯಿತು. ಇನ್ನೊಂದು ಊರಿನಲ್ಲಿ, ರಾತ್ರಿ ಒಂಬತ್ತೂವರೆಗೆ ನಾವು ಲಾಡ್ಜಿನ ಬಾಗಿಲು ಮುಟ್ಟಿದಾಗ, ನಮ್ಮ ಹೆಸರಿನಲ್ಲಿ ಕೋಣೆಯೇ ಇರಲಿಲ್ಲ. ಆ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಲಾಡ್ಜ್ ಯಾವುದೆಂದು ಸುಲಭವಾಗಿ ತಿಳಿದುಹೋಗುತ್ತದೆ, ತಪ್ಪಾದರೋ ಅದರದ್ದಲ್ಲ.

'ಸರ, ಆ ಕಂಪನಿ ಜೋಡಿ ನಮ್ಮ ಸಾವಕಾರ್ರು ವ್ಯವಹಾರ ಬಿಟ್ಟು ನಾಲ್ಕು ತಿಂಗಳಾತ್ರಿ. ಅವರು ಇನ್ನೂ ನಮ್ಮ ಹೆಸರು ತಗದಿಲ್ಲ. ವಾರಕ್ಕ ಇಬ್ಬರು ಮೂವರು ಹಿಂಗ ಬರ್ತಾರ್ರಿ' ಎಂದು ಕೌಂಟರಿನಲ್ಲಿದ್ದ ಯುವಕ ಬೇಸರದಿಂದಲೇ ಹೇಳಿದ. ಮದುವೆಯ ದಿನಗಳಾದ್ದರಿಂದ ಇದ್ದ ಕೋಣೆಗಳೆಲ್ಲ ಭರ್ತಿಯಾಗಿದ್ದವು. 'ಅವ್ವಾರನ್ನ ಮೊದಲ ಒಳಗ ಕೂಡಸ್ರಿ' ಎಂದು ಕುರ್ಚಿ ಎಳೆದು ಕೊಟ್ಟು, ನೀರು ತರಿಸಿ, ತಾನೇ ಮೂರು ಕಡೆ ಫೋನ್ ಮಾಡಿ, ಬಸ್ ನಿಲ್ದಾಣದ ಹಿಂಬದಿಯ ಒಂದು ಹಳೆಯ ಲಾಡ್ಜಿನಲ್ಲಿ ನಮಗೆ ಕೋಣೆ ಗೊತ್ತುಮಾಡಿಕೊಟ್ಟ. ಆ ಹಳೆಯ ಲಾಡ್ಜಿನ ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ದರಪಟ್ಟಿ ಇತ್ತು. ಕೋಣೆಯನ್ನು ತೋರಿಸಿ, ನಾವು ಒಪ್ಪಿದ ಮೇಲೆಯೇ ಒಂಬೈನೂರು ರೂಪಾಯಿ ಕೇಳಿ ಪಡೆದು, ರಸೀದಿ ಕೊಟ್ಟರು.

ಪ್ರಕರಣ ಅಲ್ಲಿಗೇ ಮುಗಿದಿದ್ದರೆ ಪ್ರಯಾಣದಲ್ಲಿ ಇಂತಹವು ಇದ್ದದ್ದೇ ಎಂದು ಸುಮ್ಮನಾಗಬಹುದಿತ್ತು. ಮರುದಿನ ಬೆಳಿಗ್ಗೆ ಕಂಪನಿಯಿಂದ ಇಂಗ್ಲಿಷಿನಲ್ಲಿ ಒಂದು ಸಂದೇಶ ಬಂತು: ಅತಿಥಿ ಹೋಟೆಲಿಗೆ ಬಾರದ ಕಾರಣ ಮುಂಗಡವಾಗಿ ಪಾವತಿಸಿದ 1,580 ರೂಪಾಯಿಯನ್ನು ಮರಳಿಸಲಾಗದು. ದೂರು ಕೊಡಲು ಹೋದರೆ ಮೊದಲ ಮೂರು ದಿನ ಉತ್ತರಿಸಿದ್ದು ಯಂತ್ರ. ನಾಲ್ಕನೆಯ ದಿನ ಮಾತಿಗೆ ಸಿಕ್ಕ ಮನುಷ್ಯರು, 'ನೀವು ಬಂದಿಲ್ಲವೆಂದು ಹೋಟೆಲಿನವರೇ ಖಚಿತಪಡಿಸಿದ್ದಾರೆ' ಎಂದರು. ಕೌಂಟರಿನ ಯುವಕನಿಗೆ ಫೋನ್ ಮಾಡಿದೆ. 'ನಮ್ಮನ್ನ ಯಾರೂ ಕೇಳೇ ಇಲ್ಲರಿ' ಎಂದ ಆತ, ನಾವು ಅಂದು ರಾತ್ರಿ ಬಂದಿದ್ದೆವೆಂದು ಲಾಡ್ಜಿನ ಲೆಟರ್‌ಹೆಡ್ ಮೇಲೆ ಬರೆದು ಸಹಿ ಮಾಡಿ ಫೋಟೊ ಕಳಿಸಿದ. ಅದನ್ನು ಕಂಪನಿಗೆ ಕಳಿಸಿದ ಮೇಲೆ ಬಂದದ್ದು ಹಣವಲ್ಲ. ಮುಂದಿನ ತೊಂಬತ್ತು ದಿನಗಳೊಳಗೆ ಬಳಸಬಹುದಾದ ಮುನ್ನೂರು ರೂಪಾಯಿಯ ಕೂಪನ್.

ಬ್ಯಾಂಕಿನಿಂದಲೂ ಹೆಚ್ಚಿನ ನೆರವು ಸಿಗಲಿಲ್ಲ. ಗ್ರಾಹಕನ ಅರಿವಿಗೆ ಬಾರದೆ ಖಾತೆಯಿಂದ ಹಣ ಹೋದರೆ ಅವನ ಹೊಣೆಯನ್ನು ಮಿತಿಗೊಳಿಸುವ ರಿಸರ್ವ್ ಬ್ಯಾಂಕಿನ ಸುತ್ತೋಲೆ 2017ರ ಜುಲೈನಲ್ಲೇ ಬಂದಿದೆ. ಆದರೆ ನಾನು ಕೊಟ್ಟ ಹಣ ಯುಪಿಐ ಮೂಲಕ, ನಾನೇ ಪಿನ್ ಒತ್ತಿ ಕೊಟ್ಟದ್ದು. ಬ್ಯಾಂಕಿನ ದೃಷ್ಟಿಯಲ್ಲಿ ಅದು ಕಳವಲ್ಲ, ವ್ಯಾಪಾರಿಯೊಡನೆ ನನ್ನ ವ್ಯಾಜ್ಯ. ಕೊನೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ದೂರು ದಾಖಲಿಸಿದೆ. ನಲವತ್ಮೂರನೆಯ ದಿನ ಖಾತೆಗೆ 1,455 ರೂಪಾಯಿ ಬಂತು. ಯಾವ ವಿವರಣೆಯೂ ಅದರೊಂದಿಗೆ ಇರಲಿಲ್ಲ. ಉಳಿದ 125 ರೂಪಾಯಿಯಲ್ಲಿ 46 ರೂಪಾಯಿ ಪ್ರಯಾಣ ವಿಮೆ, 79 ರೂಪಾಯಿ ಅನುಕೂಲ ಶುಲ್ಕ. ಕೋಣೆಯೇ ಇಲ್ಲದ ರಾತ್ರಿಗೆ ಯಾವ ಅನುಕೂಲ ಒದಗಿಸಿದ್ದಕ್ಕೆ ಈ ಶುಲ್ಕ ಎಂಬ ಪ್ರಶ್ನೆಗೆ ಇಂದಿಗೂ ಉತ್ತರವಿಲ್ಲ.

ಈ ಲೆಕ್ಕವನ್ನು ವಿವರವಾಗಿ ಹೇಳಲು ಕಾರಣವಿದೆ. ಮೊದಲ ಪುಟದಲ್ಲಿ ಬಾಡಿಗೆ 1,299 ರೂಪಾಯಿ ಎಂದಿತ್ತು. ಹಣ ಕಟ್ಟುವ ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಅದು 1,580 ಆಗಿತ್ತು. ವಿಮೆ ಬೇಕೆಂದು ಯಾರೂ ಕೇಳಿರಲಿಲ್ಲ. ಅದರ ಚೌಕದಲ್ಲಿ ಕಂಪನಿಯೇ ಗುರುತು ಹಾಕಿತ್ತು. 'ತೆರಿಗೆ ಮತ್ತು ಇತರೆ' ಎಂಬ ಒಂದೇ ಸಾಲಿನಲ್ಲಿ ಸರ್ಕಾರಕ್ಕೆ ಹೋಗುವ ಹಣವೆಷ್ಟು, ಕಂಪನಿಗೆ ಹೋಗುವ ಹಣವೆಷ್ಟು ಎಂಬುದು ತಿಳಿಯುವಂತಿರಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ತೆರಿಗೆಯನ್ನೂ ಶುಲ್ಕವನ್ನೂ ಹೀಗೆ ಒಂದೇ ಗಂಟಿನಲ್ಲಿ ಕಟ್ಟಿಟ್ಟರೆ, ಸರ್ಕಾರ ಬಿಟ್ಟುಕೊಟ್ಟ ಹಣ ಪ್ರಯಾಣಿಕನ ಕೈಗೆ ಬಂತೋ ನಡುವೆಯೇ ನಿಂತಿತೋ ಎಂದು ಪರೀಕ್ಷಿಸುವ ಬಗೆಯಾದರೂ ಯಾವುದು?

ನನಗೆ ಇಂಗ್ಲಿಷ್ ಬರುತ್ತದೆ, ಪತ್ರ ಬರೆಯಲು ಬಿಡುವಿತ್ತು, ಸಂದೇಶಗಳನ್ನೆಲ್ಲ ತೆಗೆದಿಡುವ ಅಭ್ಯಾಸವಿತ್ತು. ದೇವರ ಹಿಪ್ಪರಗಿಯ ಕಡೆಯಿಂದ ಮಗನನ್ನು ಪರೀಕ್ಷೆಗೆ ಕರೆತರುವ, ಅವನ ಫೋನಿನಿಂದಲೇ ಕೋಣೆ ಕಾಯ್ದಿರಿಸಿದ ಒಬ್ಬ ರೈತನಿಗೆ ಇದೇ ಅನುಭವವಾದರೆ ಆತ ಏನು ಮಾಡಿಯಾನು? ರಾತ್ರಿ ಬಸ್ ನಿಲ್ದಾಣದ ಬೆಂಚಿನ ಮೇಲೆ ಕಳೆದು, ಬೆಳಿಗ್ಗೆ ಮಗನನ್ನು ಪರೀಕ್ಷಾ ಕೊಠಡಿಗೆ ಕಳಿಸಿ, ಹೋದ ಹಣವನ್ನು ಹಣೆಬರಹಕ್ಕೆ ಬರೆದುಕೊಂಡು ಊರಿಗೆ ಮರಳಿಯಾನು. ಇಂತಹ ಸಣ್ಣ ಮೊತ್ತಗಳ ಬಗ್ಗೆ ಹೆಚ್ಚಿನವರು ದೂರು ಕೊಡುವುದಿಲ್ಲ ಎಂಬ ಭರವಸೆಯ ಮೇಲೆಯೇ ಈ ನಿರ್ಲಕ್ಷ್ಯ ನಿಂತಿದೆ ಎಂದು ಶಂಕಿಸಲು ಕಾರಣವಿದೆ. ಲಾಡ್ಜಿನ ಹೆಸರನ್ನು ಪಟ್ಟಿಯಿಂದ ತೆಗೆಯದೆ ಇರುವುದರಿಂದ ಕಂಪನಿಗೆ ನಷ್ಟವಿಲ್ಲ. ಬಂದವರನ್ನು ಬಾರದವರೆಂದು ದಾಖಲಿಸಿದರೆ ನಷ್ಟದ ಮಾತು ಹಾಗಿರಲಿ, ಲಾಭವೇ ಉಂಟು.

ದಾರಿಹೋಕರಿಗೆ ತಂಗಲು ಜಾಗ ಒದಗಿಸುವುದು ಈ ನೆಲಕ್ಕೆ ಹೊಸದಲ್ಲ. ಇಂಡಿ ತಾಲ್ಲೂಕಿನ ಸಾಲೋಟಗಿಯ ಹತ್ತನೆಯ ಶತಮಾನದ ಶಾಸನ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಕಟ್ಟಿಸಿದ ವಿದ್ಯಾಶಾಲೆಯನ್ನೂ ದೂರದ ನಾಡುಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ ಬಿಟ್ಟ 27 ಮನೆಗಳನ್ನೂ ಹೆಸರಿಸುತ್ತದೆ. ಮುಂದಿನ ಶತಮಾನಗಳಲ್ಲಿ ಮಠಗಳ ದಾಸೋಹ, ಊರ ಚಾವಡಿ, ಪೇಟೆಯ ಧರ್ಮಶಾಲೆಗಳು ಈ ಕೆಲಸವನ್ನು ನಡೆಸಿಕೊಂಡು ಬಂದವು. ಹಾಗೆಂದು ಹಳೆಯದನ್ನೆಲ್ಲ ಹೊಗಳಬೇಕಾಗಿಲ್ಲ. ಪುಕ್ಕಟೆಯಾಗಿ ಸಿಗುತ್ತಿದ್ದ ಎಷ್ಟೋ ಜಾಗಗಳಲ್ಲಿ ಬಂದವನ ಜಾತಿ ಯಾವುದೆಂದು ಕೇಳಿಯೇ ಬಾಗಿಲು ತೆರೆಯುತ್ತಿದ್ದರು. ದುಡ್ಡು ಕೊಟ್ಟವರಿಗೆಲ್ಲ ಒಂದೇ ದರಕ್ಕೆ ಕೋಣೆ ಕೊಡುವ ಲಾಡ್ಜ್ ಬಂದದ್ದು, ಆ ದೃಷ್ಟಿಯಿಂದ, ಸಣ್ಣ ಊರುಗಳ ಸಾಮಾಜಿಕ ಬದುಕಿನಲ್ಲಿ ಮಹತ್ವದ ಬದಲಾವಣೆ. ಯಾರ ನೆಂಟಸ್ತಿಕೆಯಾಗಲಿ ಮುಲಾಜಾಗಲಿ ಇಲ್ಲದವನೂ ಅಲ್ಲಿ ಒಂದು ರಾತ್ರಿ ಮರ್ಯಾದೆಯಿಂದ ಮಲಗಬಹುದು. ಗೋಡೆಯ ಮೇಲಿನ ದರಪಟ್ಟಿಯೇ ಅದಕ್ಕೆ ಆಧಾರ.

ದರಪಟ್ಟಿಯ ಮಹತ್ವವನ್ನು ಪರಕೀಯ ಸರ್ಕಾರವೂ ಅರಿತಿತ್ತು. ಬ್ರಿಟಿಷರ ಕಾಲದಲ್ಲಿ 1867ರಲ್ಲಿ ರಚಿತವಾದ ಸರಾಯಿ ಕಾಯ್ದೆ, ಜಿಲ್ಲಾ ಮ್ಯಾಜಿಸ್ಟ್ರೇಟರು ಸೂಚಿಸಿದ ಜಾಗದಲ್ಲಿ, ಸೂಚಿಸಿದ ಭಾಷೆಗಳಲ್ಲಿ ದರಗಳ ಪಟ್ಟಿಯನ್ನು ಪ್ರದರ್ಶಿಸುವುದು ಸರಾಯಿ ನಡೆಸುವವನ ಕರ್ತವ್ಯವೆಂದು ವಿಧಿಸಿತ್ತು. ನೂರೈವತ್ತು ವರ್ಷಗಳಿಗೂ ಹಿಂದಿನ ಆ ಕಾನೂನಿಗೆ ಹೊಳೆದ ಸರಳ ಸಂಗತಿಯನ್ನು ನಮ್ಮ ಕಾಲದ ಬುಕಿಂಗ್ ವ್ಯವಸ್ಥೆ ಮರೆಸಿಬಿಟ್ಟಿದೆ. 2024ರ ತಿದ್ದುಪಡಿಯ ಪ್ರಕಾರ ರಾಜ್ಯದಲ್ಲಿ ಅಂಗಡಿ ಮುಂಗಟ್ಟುಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು. ಲಾಡ್ಜಿನ ಹೊರಗಿನ ಫಲಕ ಹೀಗೆ ಕನ್ನಡವಾದರೂ, ಅದೇ ಲಾಡ್ಜಿನ ಕೋಣೆಗೆ ಹಣ ಕಟ್ಟುವಾಗ ನಾನು ಒಪ್ಪಬೇಕಾಗಿ ಬಂದ ಷರತ್ತುಗಳು ಕೇವಲ ಇಂಗ್ಲಿಷಿನಲ್ಲಿ, ಅದೂ ಭೂತಗನ್ನಡಿ ಹಿಡಿದು ಓದಬೇಕಾದ ಅಕ್ಷರಗಳಲ್ಲಿ ಇದ್ದವು.

ಕಾನೂನು ಇಲ್ಲವೆಂದಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ ಇ–ವಾಣಿಜ್ಯ ನಿಯಮಗಳ ಪ್ರಕಾರ, ಇಂತಹ ಕಂಪನಿಗಳು ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು. ಆ ಅಧಿಕಾರಿ 48 ಗಂಟೆಗಳೊಳಗೆ ದೂರು ತಲುಪಿದ್ದನ್ನು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಗ್ರಾಹಕನ ಒಪ್ಪಿಗೆಯನ್ನು ಮೊದಲೇ ಗುರುತು ಹಾಕಿದ ಚೌಕದ ಮೂಲಕ ಪಡೆಯುವಂತಿಲ್ಲ. ಇನ್ನೊಂದು ನಿಯಮ ಇದಕ್ಕಿಂತ ಮುಖ್ಯವಾದುದು: ಕಂಪನಿ ತಾನಾಗಿ ವ್ಯವಹಾರ ರದ್ದುಪಡಿಸಿದಾಗ ತಾನೂ ಅಂತಹುದೇ ಶುಲ್ಕ ತೆರದಿದ್ದರೆ, ಗ್ರಾಹಕ ರದ್ದುಪಡಿಸಿದಾಗ ಅವನ ಮೇಲೆ ಶುಲ್ಕ ಹೇರುವಂತಿಲ್ಲ. ತಕ್ಕಡಿಯ ಎರಡೂ ತಟ್ಟೆ ಸಮನಾಗಿರಬೇಕೆಂಬುದೇ ಇದರ ತಾತ್ಪರ್ಯ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ ಇನ್ನೂ ಮುಂದೆ ಹೋಗಿ, ಗ್ರಾಹಕನನ್ನು ದಾರಿತಪ್ಪಿಸುವ 13 ಬಗೆಯ ಕಪಟ ವಿನ್ಯಾಸಗಳನ್ನು ಪಟ್ಟಿಮಾಡಿ ನಿಷೇಧಿಸಿತು. ಮೊದಲು ಕಡಿಮೆ ಬೆಲೆ ತೋರಿಸಿ ಹಂತಹಂತವಾಗಿ ಏರಿಸುವುದು, ಕೇಳದ ವಸ್ತುವನ್ನು ಬಿಲ್ಲಿಗೆ ಸೇರಿಸುವುದು ಎರಡೂ ಆ ಪಟ್ಟಿಯಲ್ಲಿವೆ. ನನ್ನ 1,580 ರೂಪಾಯಿಯ ಬಿಲ್ಲಿನಲ್ಲಿ ಎರಡೂ ಇದ್ದವು.

ನ್ಯಾಯ ಪಡೆಯುವ ದಾರಿಯೂ ಹಿಂದಿಗಿಂತ ಸುಗಮವಾಗಿದೆ. 1986ರ ಕಾಯ್ದೆಯ ಜಾಗದಲ್ಲಿ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ಕಂಪನಿಯ ಕಚೇರಿ ದೆಹಲಿಯಲ್ಲಿರಲಿ, ಬೆಂಗಳೂರಿನಲ್ಲಿರಲಿ, ದೂರುದಾರ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಐದು ಲಕ್ಷ ರೂಪಾಯಿವರೆಗಿನ ಪ್ರಕರಣಗಳಿಗೆ ಶುಲ್ಕವಿಲ್ಲ. ದೂರನ್ನು ಅಂತರಜಾಲದ ಮೂಲಕ ಸಲ್ಲಿಸಬಹುದು. ವಿಡಿಯೊ ಮೂಲಕ ವಿಚಾರಣೆಗೆ ಹಾಜರಾಗಲು ಕೋರಬಹುದು. ಮುದ್ದೇಬಿಹಾಳದವರು ವಿಜಯಪುರದ ಆಯೋಗಕ್ಕೆ ಹೋಗಿಬರಬೇಕೆಂದರೆ ಒಂದು ದಿನದ ಕೆಲಸ ಕೆಡುತ್ತದೆ; ಸಾವಿರದೈನೂರು ರೂಪಾಯಿಗಾಗಿ ನಾಲ್ಕು ಸಲ ಹಾಗೆ ಹೋಗಿಬಂದರೆ ಗೆದ್ದರೂ ಸೋತಂತೆಯೇ. ಆದ್ದರಿಂದ ಈ ಸೌಲಭ್ಯಗಳು ಹೆಚ್ಚು ಜನರಿಗೆ ಗೊತ್ತಾಗಬೇಕು. ತಾಲ್ಲೂಕು ಕಾನೂನು ಸೇವಾ ಸಮಿತಿಗಳು ತಾವು ನಡೆಸುವ ಅರಿವು ಶಿಬಿರಗಳಲ್ಲಿ ಆಸ್ತಿ, ಜೀವನಾಂಶದ ವಿಷಯಗಳ ಜೊತೆಗೆ ಇದನ್ನೂ ಸೇರಿಸಿಕೊಂಡರೆ ತಪ್ಪೇನು?

ಲಾಡ್ಜ್ ಮಾಲೀಕರ ಕಷ್ಟವನ್ನೂ ಹೇಳದಿದ್ದರೆ ಮಾತು ಒಮ್ಮುಖವಾಗುತ್ತದೆ. ನಾನು ಮಾತನಾಡಿಸಿದ ಇಬ್ಬರು ಮಾಲೀಕರೂ ಕಮಿಷನ್ನಿನ ಹೊರೆಯ ಬಗ್ಗೆ, ತಮ್ಮನ್ನು ಕೇಳದೆಯೇ ಬಾಡಿಗೆ ಇಳಿಸಿ ತೋರಿಸುವ ಬಗ್ಗೆ ದೂರಿದರು. ಮೂರು ಕಡೆ ಕಾಯ್ದಿರಿಸಿ ಒಂದು ಕಡೆ ಮಾತ್ರ ಹೋಗುವ ಗ್ರಾಹಕರೂ ಇದ್ದಾರೆಂದು ಹೇಳಿದರು. ಅದು ನಿಜವಿರಬೇಕು. ಕೋಣೆಯನ್ನು ಹಿಡಿದಿಟ್ಟು, ಬಂದವರನ್ನು ವಾಪಸು ಕಳಿಸಿದ ಮಾಲೀಕನಿಗೆ ಬಾರದ ಅತಿಥಿಯಿಂದ ಒಂದಿಷ್ಟು ಹಣ ಸಲ್ಲುವುದು ನ್ಯಾಯವೇ. ಬಾರದವರ ಮೇಲೆ ಶುಲ್ಕ ಹಾಕುವ ಪದ್ಧತಿ ಹುಟ್ಟಿಕೊಂಡದ್ದೂ ಇದಕ್ಕಾಗಿಯೇ. ಆದರೆ ನನ್ನ ಪ್ರಕರಣದಲ್ಲಿ ಲಾಡ್ಜ್ ಕೋಣೆಯನ್ನು ಹಿಡಿದಿಡಲೂ ಇಲ್ಲ, ಅದಕ್ಕೆ ಒಂದು ರೂಪಾಯಿಯೂ ಮುಟ್ಟಲಿಲ್ಲ. ಮಾಲೀಕನ ನಷ್ಟ ತುಂಬಲೆಂದು ಇರುವ ಶುಲ್ಕ, ನಷ್ಟವೇ ಆಗದ ಮೂರನೆಯವರ ಬೊಕ್ಕಸಕ್ಕೆ ಹೋಯಿತು.

ಪರಿಹಾರಕ್ಕೆ ಹೊಸ ಕಾಯ್ದೆ ಬೇಕಾಗಿಲ್ಲ. ಇರುವುದನ್ನು ನಡೆಸುವ ಮನಸ್ಸು ಬೇಕು. ಮೊದಲನೆಯದಾಗಿ, ಹಣ ಪಡೆದವರೇ ಕೋಣೆಗೆ ಹೊಣೆಯಾಗಬೇಕು. ಕೋಣೆ ದೊರೆಯದಿದ್ದರೆ ಅನುಕೂಲ ಶುಲ್ಕ, ವಿಮೆ ಎಲ್ಲವನ್ನೂ ಸೇರಿಸಿ ಪೂರ್ಣ ಮೊತ್ತವನ್ನು ನಿಗದಿತ ದಿನಗಳೊಳಗೆ ಮರಳಿಸಬೇಕು. ಅದೇ ಊರಿನಲ್ಲಿ ಹೆಚ್ಚು ಬಾಡಿಗೆಯ ಕೋಣೆ ಹಿಡಿಯಬೇಕಾಗಿ ಬಂದರೆ ವ್ಯತ್ಯಾಸವನ್ನೂ ಭರಿಸಬೇಕು. ಎರಡನೆಯದಾಗಿ, ಅತಿಥಿ ಬರಲಿಲ್ಲ ಎಂದು ಹೇಳುವವರೇ ಅದನ್ನು ರುಜುವಾತುಪಡಿಸಬೇಕು. ನಮ್ಮ ಲಾಡ್ಜ್‌ಗಳಲ್ಲಿ ಬಂದವರ ಹೆಸರು, ವಿಳಾಸ, ಸಮಯ ಬರೆದುಕೊಳ್ಳುವ, ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳುವ ರೂಢಿ ಹೇಗೂ ಇದೆ. ಆ ದಿನ ಆ ಕೋಣೆಯನ್ನು ಅತಿಥಿಗಾಗಿ ಕಾಯ್ದಿಡಲಾಗಿತ್ತು ಎಂಬುದಕ್ಕೆ ಲಾಡ್ಜಿನ ಲಿಖಿತ ದೃಢೀಕರಣವಿಲ್ಲದೆ ಶುಲ್ಕ ಹಾಕಲು ಅವಕಾಶ ಇರಕೂಡದು.

ಮೂರನೆಯ ಕೆಲಸ ಜಿಲ್ಲಾಡಳಿತದ್ದು. ಯಾವ ಊರಿನಲ್ಲಿ ಎಷ್ಟು ಲಾಡ್ಜ್‌ಗಳಿವೆ ಎಂಬ ಲೆಕ್ಕ ಉದ್ದಿಮೆ ಪರವಾನಗಿ ಕೊಡುವ ಸ್ಥಳೀಯ ಸಂಸ್ಥೆಗಳ ಬಳಿಯೇ ಇರುತ್ತದೆ. ಈ ಪಟ್ಟಿಯನ್ನು ಪ್ರವಾಸೋದ್ಯಮ ಇಲಾಖೆ ಪಡೆದು, ಬುಕಿಂಗ್ ಕಂಪನಿಗಳು ತೋರಿಸುವ ಹೆಸರುಗಳೊಂದಿಗೆ ವರ್ಷಕ್ಕೆರಡು ಬಾರಿ ತಾಳೆ ನೋಡಿದರೆ ಸಾಕು, ವ್ಯವಹಾರ ಬಿಟ್ಟ ಲಾಡ್ಜಿನ ಹೆಸರಿನಲ್ಲಿ ಹಣ ಸಂಗ್ರಹಿಸುವುದು ನಿಲ್ಲುತ್ತದೆ. ಪ್ರತಿ ಲಾಡ್ಜಿನ ಕೌಂಟರಿನ ಎದುರು ದರಪಟ್ಟಿ, ಅದರ ಕೆಳಗೆ 1915 ಎಂಬ ಸಂಖ್ಯೆ ಕನ್ನಡದಲ್ಲಿ ಕಡ್ಡಾಯವಾಗಿ ಇರುವಂತೆ ಮಾಡುವುದಕ್ಕೆ ಕೋಟಿ ರೂಪಾಯಿಯ ಯೋಜನೆ ಬೇಕಿಲ್ಲ, ಒಂದು ಡಬ್ಬಿ ಬಣ್ಣ ಸಾಕು. ರದ್ದತಿ ಮತ್ತು ಮರುಪಾವತಿಯ ಷರತ್ತುಗಳನ್ನು ಹಣ ಕಟ್ಟುವ ಪುಟದಲ್ಲಿಯೇ ನಾಲ್ಕು ಸಾಲು ಕನ್ನಡದಲ್ಲಿ ಕೊಡುವಂತೆ ಕಂಪನಿಗಳನ್ನು ರಾಜ್ಯ ಸರ್ಕಾರ ಒತ್ತಾಯಿಸಬೇಕು. ಕನ್ನಡಿಗರಿಂದ ಹಣ ಪಡೆಯಲು ಬಾರದ ಭಾಷೆಯ ತೊಡಕು, ಹಣ ಮರಳಿಸುವಾಗ ಮಾತ್ರ ಏಕೆ ಬರಬೇಕು?

2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಕಾಯಕದ ಮಹತ್ವವನ್ನು ಸಾರಿ, ಶ್ರಮವಿಲ್ಲದೆ ಬಂದ ಸಂಪತ್ತನ್ನು ಒಪ್ಪದ ಪರಂಪರೆಯ ತವರು ಈ ಜಿಲ್ಲೆ. ಕೋಣೆ ಕೊಡದೆ ಬಾಡಿಗೆ ಪಡೆಯುವುದನ್ನು ಆ ಪರಂಪರೆಯ ಯಾವ ಅಳತೆಗೋಲಿನಿಂದಲೂ ಕಾಯಕವೆನ್ನಲಾಗದು. ಘೋಷಣೆಯ ಗೌರವ ಉಳಿಯಬೇಕಾದರೆ, ಆ ಮಹಾಪುರುಷರ ಊರಿಗೆ ಬಂದವರು ರಾತ್ರಿ ವೇಳೆ ಮೋಸಹೋಗದಂತೆ ನೋಡಿಕೊಳ್ಳುವುದು ಆಡಳಿತದ ಕರ್ತವ್ಯವಾಗುತ್ತದೆ. ವಿಜಯಪುರ ಜಿಲ್ಲಾಡಳಿತ ಮುಂದಿನ ಬಸವ ಜಯಂತಿಯೊಳಗೆ ಈ ನಾಲ್ಕು ಊರುಗಳ ಲಾಡ್ಜ್‌ಗಳ ಪಟ್ಟಿಯನ್ನು ಸಿದ್ಧಪಡಿಸಿ, ದರಫಲಕಗಳನ್ನು ಹಾಕಿಸಿ, ಕೆಲಸ ಮುಗಿದಿದೆ ಎಂದು ಪ್ರಕಟಿಸಲಿ. ಬೇರೆ ಜಿಲ್ಲೆಗಳಿಗೂ ಅದು ಮಾದರಿಯಾದೀತು.